ಕ್ಲಚ್ಚಿನ ಕೆಳಗಿನ ಗಂಟು

"ಒತ್ತಿ ಮೇಡಂ, ಇನ್ನೂ ಒತ್ತಿ. ಅದೇನು ಹಸುಗೂಸಾ?"

ಹೆಡ್ ಕಾನ್‌ಸ್ಟೇಬಲ್ ನಂಜಣ್ಣ ಕಾರಿನ ಕಿಟಕಿಗೆ ಮೊಣಕೈ ಊರಿ ನಿಂತಿದ್ದ. ಒಳಗೆ ಅನುಶ್ರೀ ಕ್ಲಚ್ಚನ್ನು ಪೂರ್ತಿ ತುಳಿದು ಗೇರಿನ ಹಿಡಿಯನ್ನು ಒಂದನೇ ಗೇರಿನತ್ತ ನೂಕಿದಳು. ಹಿಡಿ ಅರ್ಧ ದಾರಿಗೆ ಹೋಗಿ ನಿಂತಿತು. ಇನ್ನಷ್ಟು ಒತ್ತಿದಾಗ ಕೆಳಗಿನಿಂದ ಗರ್ರ್ ಎಂದು ಸದ್ದು ಬಂತು. ಯಾರೋ ಕಲ್ಲು ಅಗಿದ ಹಾಗೆ.

"ಕೇಳುಸ್ತಾ?" ಆಶಾರಾಣಿ ಜಗಲಿಯಿಂದಲೇ ಕೂಗಿದಳು. ಅವಳ ಮಡಿಲಲ್ಲಿ ಬೇಯಿಸಿ ತೆಗೆದ ಹೊಗೆಸೊಪ್ಪಿನ ಎಲೆಗಳಿದ್ದವು. ಒಂದೊಂದನ್ನೇ ಎತ್ತಿ, ಬಣ್ಣ ನೋಡಿ, ಬೇರೆ ಬೇರೆ ಗುಡ್ಡೆಗೆ ಎಸೆಯುತ್ತಿದ್ದಳು. "ಅದಕ್ಕೇ ನಾನು ಹೇಳಿದ್ದು. ಅವಳಿಗೆ ಕಲಿಸಿ ಕಲಿಸಿ ಕ್ಲಚ್ಚು ತಿಂದಾಕಿಸಿದಾರೆ."

ಆಶಾರಾಣಿಯ ಗಂಡ ಗೌರೀಶ ಕಾಣೆಯಾಗಿ ಇದು ಎರಡನೇ ವಾರ. ಎಚ್.ಡಿ. ಕೋಟೆಯ ಆಚೆ, ಕಬಿನಿ ಹಿನ್ನೀರಿನ ದಡದಲ್ಲಿ ಅವನ ಒಂಟಿ ಚಪ್ಪಲಿ, ರಕ್ತದ ಕಲೆಯಿದ್ದ ಟವೆಲ್ಲು ಸಿಕ್ಕಿದ್ದವು. ಅಲ್ಲಿಂದ ಒಂದೂವರೆ ಮೈಲಿ ದೂರದ ಏರಿನಲ್ಲಿ ಈ ಕಾರು ನಿಂತಿತ್ತು. ಗೇರು ಬೀಳದ್ದರಿಂದ ಪೊಲೀಸರು ಅದನ್ನು ಎಳೆಸಿಕೊಂಡು ಬಂದು ಈ ಮನೆಯಂಗಳದಲ್ಲಿ ಬಿಟ್ಟಿದ್ದರು. ಹೆಣ ಸಿಕ್ಕಿರಲಿಲ್ಲ.

ಆಶಾರಾಣಿ ಕೊಟ್ಟ ದೂರಿನಲ್ಲಿ ಇದ್ದದ್ದು ಒಂದೇ ಹೆಸರು. ಪುಷ್ಪಾ. ಕೋಟೆಯ ಬಸ್‌ಸ್ಟ್ಯಾಂಡಿನ ಹಿಂದೆ ರವಿಕೆ ಹೊಲಿಯುವವಳು. ಇವತ್ತು ಸಂಜೆಯೊಳಗೆ ಅವಳನ್ನು ಠಾಣೆಗೆ ಕರೆತರುವುದೆಂದು ತೀರ್ಮಾನವಾಗಿತ್ತು. ಕೊಲೆಯ ಕೇಸು.

ವಿಮೆ ಕಂಪನಿಗಳಿಗೆ ಅಪಘಾತದ ಗಾಡಿಗಳನ್ನು ನೋಡಿಕೊಟ್ಟು ಹುಣಸೂರಿನಲ್ಲಿ ಬದುಕುತ್ತಿದ್ದ ಅನುಶ್ರೀಯನ್ನು ಹುಡುಕಿಕೊಂಡು ಬಂದವಳೂ ಆಶಾರಾಣಿಯೇ. "ಅವಳೇ ಅಂತ ಸಾಬೀತು ಮಾಡಿಕೊಡಿ" ಎಂದಿದ್ದಳು. ಗಂಡನನ್ನು ಹುಡುಕಿಕೊಡಿ ಎಂದಿರಲಿಲ್ಲ.

ಅನುಶ್ರೀ ಎಂಜಿನ್ ಆಫ್ ಮಾಡಿದಳು. ಮತ್ತೆ ಕ್ಲಚ್ ತುಳಿದು ಹಿಡಿಯನ್ನು ಆಡಿಸಿದಳು. ಒಂದು, ಎರಡು, ಮೂರು, ನಾಲ್ಕು. ಹಿಡಿ ತೊಟ್ಟಿಲಿನ ಹಾಗೆ ಹೋಗಿ ಬಂತು. ಎಂಜಿನ್ ಆನ್ ಮಾಡಿದಳು. ಮತ್ತೆ ಗರ್ರ್.

"ಇದೊಳ್ಳೆ ನಮ್ಮ ಸಾಹೇಬ್ರ ತರ ಆಯ್ತಲ್ಲ," ಎಂದ ನಂಜಣ್ಣ. "ಡ್ಯೂಟೀಲಿ ಉರ್ಕೊಂಡು ಕುಂತಿರುವಾಗ ಹತ್ರ ಓಗಂಗಿಲ್ಲ. ಡ್ಯೂಟಿ ಮುಗೀತಲೇ ಬೆಣ್ಣೆ."

"ಎಂಜಿನ್ ನಿಂತಾಗ ಸಲೀಸು, ಓಡುವಾಗ ಬಿಗಿ. ಅಂದರೆ ಗೇರ್‌ಬಾಕ್ಸ್ ಸರಿ ಇದೆ ನಂಜಣ್ಣ. ಹಿಡಿಯಿಂದ ಅಲ್ಲಿಗೆ ಹೋಗುವ ಕೇಬಲ್ಲೂ ಸರಿ ಇದೆ. ಕ್ಲಚ್ಚು ಎಂಜಿನ್ನನ್ನು ಪೂರ್ತಿ ಬಿಡುತ್ತಿಲ್ಲ. ತುಳಿದರೂ ಒಳಗೆ ಸ್ವಲ್ಪ ಅಂಟಿಕೊಂಡೇ ಇದೆ."

"ಅಂಟಿಕೊಂಡೇ ಇರುತ್ತೆ ಬುಡಿ," ಎಂದಳು ಆಶಾರಾಣಿ. "ಅವಳು ಮುಟ್ಟಿದ್ದಲ್ವಾ."

ನಂಜಣ್ಣ ನಗು ಬಂದದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡ.

"ಇಪ್ಪತ್ತೊಂದು ವರ್ಷ ಆಯ್ತು ನನ್ನ ಮದುವೆಯಾಗಿ. ಒಂದಿನ ಸ್ಟೇರಿಂಗ್ ಮುಟ್ಟಕ್ಕೆ ಬುಟ್ಟೋರಲ್ಲ. 'ನಿಂಗ್ಯಾಕೆ, ನಾನಿಲ್ವಾ' ಅನ್ನೋರು. ಅವಳಿಗಾದ್ರೆ ಎಲ್ ಬೋರ್ಡು ಅಂಟಿಸಿಕೊಂಡು ಹಿನ್ನೀರಿನ ಸುತ್ತ ಸುತ್ತಿಸಿದಾರೆ. ಕಂಡೋರು ಬಂದು ಹೇಳಿದ್ರು. 'ನಿಮ್ಮೆಜಮಾನ್ರು ಯಾರಿಗೋ ಹೆಂಗಸಿಗೆ ಡ್ರೈವಿಂಗ್ ಹೇಳಿಕೊಡ್ತಾವ್ರೆ' ಅಂತ."

ಅದು ಸುಳ್ಳಲ್ಲ. ಹಿಂದಿನ ಗಾಜಿನ ಮೇಲೆ ಅಂಟಿನ ಗುರುತು ಇನ್ನೂ ಇತ್ತು. ಡಿಕ್ಕಿಯಲ್ಲಿ ಕೆಂಪು ಎಲ್ ಬರೆದ ಹಾಳೆ ಸಿಕ್ಕಿತ್ತು. ಈ ಕಾರಿನಲ್ಲಿ ಯಾರೋ ಕಲಿಯುತ್ತಿದ್ದರು.

ಅನುಶ್ರೀ ಎಂಜಿನ್ ಆಫ್ ಮಾಡಿ, ಒಂದನೇ ಗೇರಿಗೆ ಹಾಕಿ, ಹಾಗೆಯೇ ಕೀಲಿ ತಿರುಗಿಸಿದಳು. ಕಾರು ಮುಗ್ಗರಿಸಿ ಮುಂದಕ್ಕೆ ನೆಗೆಯಿತು. ಅಂಗಳದ ಕೋಳಿಗಳು ಚೆಲ್ಲಾಪಿಲ್ಲಿಯಾದವು. ನಂಜಣ್ಣ ಎರಡೇ ಹೆಜ್ಜೆಗೆ ಜಗಲಿ ಏರಿದ್ದ.

"ಹೇಳಿ ಬುಡಬಾರದಾ ತಾಯಿ! ನನ್ನ ಪಿಂಚಣಿಗೆ ಇನ್ನೂ ನಾಲ್ಕು ವರ್ಷ ಐತೆ!"

ಕಾರು ಬ್ಯಾರನ್ನಿನ ಪಕ್ಕದ ಏರನ್ನು ಹತ್ತಿತು. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಕೋಣೆಯ ಗೋಡೆ ದಾಟಿ, ಹಿತ್ತಲು ಸುತ್ತಿ, ಮತ್ತೆ ಅಂಗಳಕ್ಕೆ ಬಂತು. ಎಂಜಿನ್ ಎಷ್ಟು ಕೂಗಿತೋ ಚಕ್ರ ಅಷ್ಟೇ ಎಳೆಯಿತು. ಸುಟ್ಟ ವಾಸನೆ ಇರಲಿಲ್ಲ.

ಅನುಶ್ರೀ ಇಳಿದು ಬಾನೆಟ್ ತೆಗೆದಳು.

"ಆಶಕ್ಕ, ಕಲಿಯುವವರು ಹಾಳು ಮಾಡುವುದು ಕ್ಲಚ್ ಪ್ಲೇಟನ್ನು. ಅರ್ಧ ಕಾಲಿಟ್ಟು ಓಡಿಸಿ ಸವೆಸುತ್ತಾರೆ. ಪ್ಲೇಟ್ ಸವೆದರೆ ಎಂಜಿನ್ ಬರೀ ಕಿರುಚುತ್ತದೆ, ಗಾಡಿ ಏರು ಹತ್ತುವುದಿಲ್ಲ. ಈ ಗಾಡಿ ಹತ್ತಿತು. ಇದರ ಪ್ಲೇಟಿಗೆ ಏನೂ ಆಗಿಲ್ಲ."

ಆಶಾರಾಣಿಯ ಕೈಯಲ್ಲಿದ್ದ ಎಲೆ ಯಾವ ಗುಡ್ಡೆಗೂ ಬೀಳಲಿಲ್ಲ.

"ಮತ್ತೆ ಗೇರು ಯಾಕೆ ಬೀಳಲ್ಲ?"

"ಅದನ್ನೇ ನೋಡುತ್ತಿದ್ದೇನೆ."

ಕ್ಲಚ್ಚಿನ ಎಣ್ಣೆಯ ಪುಟ್ಟ ಡಬ್ಬಿ ಗೆರೆಯವರೆಗೂ ತುಂಬಿತ್ತು. ಎಣ್ಣೆ ಹೊಸದು, ತಿಳಿ ಜೇನಿನ ಬಣ್ಣ. ಕೊಳವೆಯುದ್ದಕ್ಕೂ ಬೆರಳಾಡಿಸಿದಳು. ಎಲ್ಲೂ ಜಿನುಗಿರಲಿಲ್ಲ. ಎಣ್ಣೆ ಸೋರಿದ್ದರೆ, ಗಾಳಿ ಹೊಕ್ಕಿದ್ದರೆ, ಪೆಡಲು ಮೆತ್ತಗಾಗಬೇಕಿತ್ತು. ಈ ಪೆಡಲು ಮೆತ್ತಗಿರಲಿಲ್ಲ.

ಹೊಸ ಎಣ್ಣೆ ಹಾಕಿದವನ ಹೆಸರು ಅವಳಿಗೆ ಗೊತ್ತಿತ್ತು. ಹುಣಸೂರಿನ ವರ್ಕ್‌ಶಾಪಿನ ಮಾದೇವ. ಕಾಣೆಯಾದ ಸೋಮವಾರ ಬೆಳಿಗ್ಗೆ ಗೌರೀಶ ಪಿರಿಯಾಪಟ್ಟಣದ ಈ ಮನೆಯಿಂದ ನೇರ ಅವನ ಹತ್ತಿರ ಹೋಗಿದ್ದ. ಮಾದೇವ ಎಣ್ಣೆ ಬದಲಿಸಿ, ಮ್ಯಾಟುಗಳನ್ನು ಹೊರಗೆಳೆದು ತೊಳೆದು, ಬೈಪಾಸಿನವರೆಗೆ ತಾನೇ ಓಡಿಸಿ ನೋಡಿದ್ದ. "ಗೇರು ಒಂದು ಬೆರಳಲ್ಲಿ ಬೀಳ್ತಿತ್ತು ಮೇಡಂ. ಒಂದೇ ಬೆರಳಲ್ಲಿ," ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದ. ಅಲ್ಲಿಂದ ಗೌರೀಶ ಕೋಟೆಯ ದಾರಿ ಹಿಡಿದಿದ್ದ. ಮತ್ತೆ ಮನೆಗೆ ಬಂದಿರಲಿಲ್ಲ.

ಹಾಗಾದರೆ ಬೆಳಿಗ್ಗೆ ಹುಣಸೂರಿನಲ್ಲಿ ಸರಿಯಿದ್ದ ಕ್ಲಚ್ಚು ಅದೇ ದಿನ ಕೋಟೆಯ ಆಚೆ ಕೆಟ್ಟಿತ್ತು.

ಅನುಶ್ರೀ ಬಾಗಿಲು ತೆರೆದು, ನೆಲಕ್ಕೆ ಮಂಡಿಯೂರಿ, ಪೆಡಲನ್ನು ಕಾಲಿನ ಬದಲು ಕೈಯಿಂದ ಒತ್ತಿದಳು. ಪೆಡಲು ಇಳಿಯಿತು. ಇಳಿದು, ತಳ ಮುಟ್ಟುವ ಮೊದಲೇ ಯಾವುದಕ್ಕೋ ತಾಗಿ ನಿಂತಿತು. ಶೂ ಹಾಕಿದ ಕಾಲಿಗೆ ಅದು ತಳವೆಂದೇ ಅನಿಸುತ್ತಿತ್ತು. ಕೈಗೆ ಅನಿಸಲಿಲ್ಲ.

ರಬ್ಬರ್ ಮ್ಯಾಟನ್ನು ಎಳೆದಳು. ಕೆಳಗಿನ ಕಾರ್ಪೆಟ್ಟಿನ ಅಂಚು ಎದ್ದಿತ್ತು. ಅದರೊಳಗೆ ಕೈ ಹಾಕಿದಳು.

ಎರಡು ಬೆರಳು ದಪ್ಪದ, ಅಂಗೈ ಅಗಲದ ಒಂದು ಗಂಟು. ಹಸಿರು ಬಟ್ಟೆ, ಅಂಚಿಗೆ ಜರಿ, ಮೇಲೆ ಕುಂಕುಮದ ಕಲೆ.

"ಮುಟ್ಟಬ್ಯಾಡಿ!" ನಂಜಣ್ಣ ಒಂದು ಹೆಜ್ಜೆ ಹಿಂದಕ್ಕೆ ಹೋದ. "ದಾರಿ ಕಟ್ಟು ಕಣ್ರವ್ವ ಅದು! ಯಾರೋ ದಾರಿ ಕಟ್ಟವ್ರೆ!"

"ಹಾಗಂದರೆ?"

"ಗಂಡ್ಸು ದಾರಿ ತಪ್ಪವ್ನೆ ಅಂತಾದ್ರೆ ಹೆಂಗಸ್ರು ಕಟ್ಟೋದು. ಮನೆ ಮುಂದ್ಲ ದಾರಿದು ಒಂದು ಕಲ್ಲು, ಒಂದು ಕವಡೆ, ತೊಟ್ಟು ಬುಟ್ಟಿರೋ ರವಿಕೆ ತುಂಡು. ಹೊಸ್ಲಡೀಲಿ ಊಳ್ತಾರೆ, ಅವನ ಎಡಗಾಲು ಬೀಳೋ ತಾವು. ಆಮ್ಯಾಕೆ ಆ ಕಾಲು ಬ್ಯಾರೆ ದಾರಿ ತುಳಿಯಾಕಿಲ್ಲ ಅಂತ. ನಮ್ಮ ಸೋದರತ್ತೆ ನಮ್ಮ ಮಾವಂಗೆ ಕಟ್ಟಿದ್ಲು."

"ಫಲ ಸಿಕ್ಕಿತಾ?"

"ಎಲ್ಲೀದು? ಮಾವ ಹಿತ್ಲ ಬಾಗ್ಲಲ್ಲಿ ಓಗೋನು."

ಅನುಶ್ರೀ ಗಂಟು ಬಿಚ್ಚಿದಳು. ಚಪ್ಪಟೆ ಕಲ್ಲು. ಕವಡೆ. ಬಟ್ಟೆ ಒಂದು ರವಿಕೆಯ ತೋಳು. ಹೊಲಿಗೆಯ ಸಮೇತ ಹರಿದು ತೆಗೆದದ್ದು.

ಇದನ್ನು ಹೊಸ್ತಿಲಿನ ಕೆಳಗೆ ಹೂಳಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಇಟ್ಟವರು ಎಡಗಾಲಿನ ಜಾಗವನ್ನು ಹುಡುಕುತ್ತ ಕಾರಿಗೆ ಬಂದಿದ್ದರು. ಕಾರಿನಲ್ಲಿ ಎಡಗಾಲು ಬೀಳುವುದು ಕ್ಲಚ್ಚಿನ ಮೇಲೆ.

"ಅವಳೇ!" ಆಶಾರಾಣಿ ಎದ್ದು ನಿಂತಿದ್ದಳು. ಮಡಿಲಿನ ಎಲೆಗಳೆಲ್ಲ ನೆಲಕ್ಕೆ ಬಿದ್ದವು. "ನೋಡಿ ನಂಜಣ್ಣ, ಹೊಲಿಗೆ ನೋಡಿ. ಅವಳ ಕೈದು ಅದು. ನನ್ನ ರವಿಕೆನೂ ಅವಳೇ ಹೊಲೀತಿದ್ದದ್ದು. ನಂಗೊತ್ತಿಲ್ವಾ? ನಮ್ಮೆಜಮಾನ್ರನ್ನ ಕಟ್ಟಾಕಕ್ಕೆ ನೋಡಿದಾಳೆ. ಕಾಲ ಕೆಳಗೆ ಮಾಟ ಇಟ್ಟು ಕೊಂದಾಳೆ. ಬರ್ಕೊಳಿ."

ನಂಜಣ್ಣ ಅನುಶ್ರೀಯ ಮುಖ ನೋಡಿದ. ಅವಳು ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದಳು.

"ಸ್ಟೇಶನ್ನಿಗೆ ಒಂದು ಫೋನ್ ಹಾಕ್ತೀನಿ," ಎಂದು ಅವನು ಗೇಟಿನಾಚೆ ಹೋದ. "ಆವಮ್ಮನ್ನ ಕರ್ಕೊಂಬರಕ್ಕೆ ಜೀಪು ಒಂಟೈತೋ ಇಲ್ವೋ."

ಅಂಗಳದಲ್ಲಿ ಇಬ್ಬರೇ ಉಳಿದರು.

ಗೇಟಿನಿಂದ ಜಗಲಿಯವರೆಗೆ ಹಾದಿಯ ಎರಡೂ ಬದಿಗೆ ಚಪ್ಪಟೆ ಕಲ್ಲುಗಳ ಸಾಲಿತ್ತು. ಮೇಲ್ಮುಖಕ್ಕೆಲ್ಲ ಸುಣ್ಣ ಬಳಿದಿದ್ದರು. ಅನುಶ್ರೀ ಗಂಟಿನಲ್ಲಿದ್ದ ಕಲ್ಲನ್ನು ತಿರುಗಿಸಿದಳು. ಒಂದು ಮುಖಕ್ಕೆ ಸುಣ್ಣ. ಸಾಲಿನುದ್ದಕ್ಕೂ ನಡೆದಳು. ಎಡಬದಿಯಲ್ಲಿ, ದಾಸವಾಳದ ಗಿಡದ ಹತ್ತಿರ, ಬಿದ್ದ ಹಲ್ಲಿನ ಹಾಗೆ ಒಂದು ಜಾಗ ಖಾಲಿಯಿತ್ತು. ಬಗ್ಗಿ ಕಲ್ಲನ್ನು ಅಲ್ಲಿಟ್ಟಳು. ಕೂತುಕೊಂಡಿತು.

ಅವಳು ಬಗ್ಗಿದಲ್ಲಿಂದ ಏಳುವ ಮೊದಲೇ ಆಶಾರಾಣಿ ಬಂದು ನಿಂತಿದ್ದಳು.

"ಎಷ್ಟು ಜನ ಹೋಗಿ ಬಂದು ಮಾಡ್ತಾರೆ ಈ ಗೇಟಲ್ಲಿ. ಯಾರೋ ಎತ್ಕೊಂಡು ಹೋಗಿರ್ತಾರೆ."

"ಹಸಿರು ಸೀರೆ ಇರಬೇಕಲ್ಲ ಆಶಕ್ಕ ನಿಮ್ಮ ಹತ್ತಿರ, ಜರಿ ಅಂಚಿಂದು? ಅದರ ರವಿಕೆ ತನ್ನಿ."

ಆಶಾರಾಣಿ ಹೋಗಲಿಲ್ಲ.

"ಸಂಜೆ ಅವಳನ್ನ ಒಳಗೆ ಹಾಕುತ್ತಾರೆ. ಕೊಲೆ ಕೇಸು ಅಂದರೆ ಏನು ಅಂತ ನಿಮಗೆ ಗೊತ್ತಿದೆ."

"ಹಾಕಲಿ."

"ಅವಳು ಇಟ್ಟದ್ದಲ್ಲ ಇದು."

"ಇದನ್ನ ಅವಳು ಇಡ್ದೇ ಇರಬೋದು. ಅವಳೇನು ಕಮ್ಮಿ ಮಾಡಿದಾಳಾ?" ಧ್ವನಿ ಏರಲಿಲ್ಲ, ಇನ್ನೂ ಕೆಳಗಿಳಿಯಿತು. "ನನ್ನ ಅಳತೆ ತಗಳುವಾಗ ಟೇಪು ಹಿಡ್ಕೊಂಡು 'ಅಕ್ಕ, ಹೋದ ಸಲಕ್ಕಿಂತ ಒಂದಿಂಚು ಜಾಸ್ತಿ' ಅಂತ ನಗೋಳು. ಹೊರಗೆ ಗಾಡೀಲಿ ಕೂತಿರೋ ನಮ್ಮೆಜಮಾನ್ರಿಗೆ ಕೇಳುವಂಗೆ. ಅಲ್ಲಿಂದ ಶುರು ಅಂದ್ಕಳಿ. ಕೋಟೆಗೆ ಬೀಜಗೊಬ್ಬರದ ವಸೂಲಿ ಅಂತ ಹೋಗೋರು. ವಾರಕ್ಕೊಂದ್ಸಲ ಇದ್ದದ್ದು ಎರಡಾಯ್ತು, ಮೂರಾಯ್ತು. ಬರುವಾಗ ಮುಖದಲ್ಲಿ ಒಂದು ತರ ಕಳೆ. ಊಟಕ್ಕೆ ಕೂತ್ರೆ ತಮ್ಮಷ್ಟಕ್ಕೆ ನಗೋರು. ಏನ್ರೀ ಅಂದ್ರೆ ಏನಿಲ್ಲ."

"ನೀವು ಕೇಳಲಿಲ್ಲವಾ?"

"ಕೇಳಿ? ರೂಪಶ್ರೀ ಓದಕ್ಕೆ ಅಂತ ಮೈಸೂರು ಹಾಸ್ಟೆಲಿಗೆ ಹೋದ ಮೇಲೆ ಈ ಮನೇಲಿ ನಾವಿಬ್ಬರೇ. ಜಗಳ ಆಡಿದ್ರೆ ಬಿಡಿಸೋಕೂ ಒಬ್ರು ಬೇಡ್ವಾ?"

ರೂಪಶ್ರೀ ಅವಳ ಒಬ್ಬಳೇ ಮಗಳು. ಅಪ್ಪ ಕಾಣೆಯಾದ ಮೇಲೆ ಎರಡು ದಿನ ಬಂದಿದ್ದು, ಪರೀಕ್ಷೆ ಎಂದು ವಾಪಸ್ ಹೋಗಿದ್ದಳು.

"ಶಾಸ್ತ್ರ ಹೇಳೋ ಸಣ್ಣಬೀರಯ್ಯನ ಹತ್ರ ಕೇಳಿದೆ. ಹೊಸಲಡಿ ಇಡವ್ವ ಅಂದ. ಹೊಸಲು ದಾಟಿದ್ರೆ ತಾನೆ ಕಣ್ರೀ? ಅವ್ರು ಮನೇಲಿ ಕಾಲಿಟ್ಟಿದ್ದಕ್ಕಿಂತ ಗಾಡೀಲಿ ಇಟ್ಟಿದ್ದೇ ಹೆಚ್ಚು. ಅದಕ್ಕೆ ಗಾಡೀಲೇ ಇಡುವ ಅಂತ."

"ಸೋಮವಾರ ಬೆಳಿಗ್ಗೆ ಮ್ಯಾಟು ತೊಳೆದಿದ್ದಾರೆ. ಆಗ ಅಲ್ಲಿ ಏನೂ ಇರಲಿಲ್ಲ. ಏರಿನಲ್ಲಿ ಕೆಟ್ಟು ನಿಲ್ಲುವವರೆಗೆ ಗಾಡಿ ಮನೆಗೆ ಬಂದಿಲ್ಲ. ಹಾಗಾದರೆ ನೀವು ಗಾಡಿ ಹತ್ತಿರ ಹೋಗಿದ್ದಿರಿ."

ಬ್ಯಾರನ್ನಿನ ಒಲೆಯಲ್ಲಿ ಸೌದೆ ಸಿಡಿಯಿತು. ಆಶಾರಾಣಿ ಆ ಕಡೆ ನೋಡಿ, ಮತ್ತೆ ಇವಳ ಕಡೆ ನೋಡಿದಳು.

"ಹೋಗಿದ್ದೆ."

ಅವಳು ಹಾದಿಯ ಅಂಚಿನಲ್ಲೇ ಕುಳಿತುಬಿಟ್ಟಳು.

"ಬಸ್ಸಲ್ಲಿ ಹುಣಸೂರು, ಅಲ್ಲಿಂದ ಕೋಟೆ. ಅವಳ ಅಂಗಡಿ ಬಾಗಿಲು ಹಾಕಿತ್ತು. ಅಲ್ಲೇ ನಂಗೆ ಗೊತ್ತಾಯ್ತು. ಆಟೋದವನಿಗೆ ಹಿನ್ನೀರತ್ರ ಬುಡಪ್ಪ ಅಂದೆ. ಹೊಂಗೆ ಮರದ ಕೆಳಗೆ ಗಾಡಿ ನಿಂತಿತ್ತು. ಯಾರೂ ಇರಲಿಲ್ಲ. ಇನ್ನೊಂದು ಕೀಲಿ ನನ್ನ ಹತ್ರ ಇತ್ತು. ಇಟ್ಟೆ. ಬಾಗಿಲು ಹಾಕುವಾಗ ಕೇಳುಸ್ತು."

"ಏನು?"

"ನಗು. ಬೇಲಿ ಆಚೆ, ನೀರಿನ ಹತ್ರ. ಅವ್ರು ಏನೋ ಹೇಳಿದ್ರು. ಅವಳು ನಕ್ಕಳು. ಅವ್ರೂ ನಕ್ಕರು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಎಷ್ಟು ವರ್ಷ ಆಯ್ತೋ ಅಂಥ ನಗು ಈ ಮನೇಲಿ ಕೇಳಿ."

"ಬೇಲಿ ದಾಟಿ ನೋಡಲಿಲ್ಲ?"

"ನೋಡಿ ಏನಂತ ಕೇಳ್ಲಿ? ಅವಳು ನನ್ನ ಸೊಂಟದ ಅಳತೆ ಬಲ್ಲೋಳು. ನಾನು ನಿಂತ್ಕೊಂಡು ಅವಳ ಎದುರಿಗೆ ಅಳಬೇಕಾ? ಬಂದ್ಬುಟ್ಟೆ. ರಾತ್ರಿ ಬರ್ತಾರೆ, ಗಂಟಿನ ಮೇಲೆ ಕಾಲಿಟ್ಕೊಂಡೇ ಬರ್ತಾರೆ ಅಂತ ಕಾಯ್ಕೊಂಡು ಕೂತೆ. ಅವ್ರಿಗೆ ಇಷ್ಟ ಅಂತ ಅವರೆಕಾಳು ಹುಳಿ ಮಾಡಿದ್ದೆ."

ಹೊಟ್ಟೆಕಿಚ್ಚಿಗೂ ಬದುಕಿರುವ ಒಬ್ಬ ಬೇಕು. ಇದು ಅನುಶ್ರೀಗೆ ಗೊತ್ತಿತ್ತು. ಈ ಹೆಂಗಸು ಇನ್ನೂ ಉರಿಯುತ್ತಿದ್ದಾಳೆ ಎಂದರೆ, ಗಂಡ ಸತ್ತನೆಂದು ಅವಳ ಒಳಗು ಒಪ್ಪಿಲ್ಲ. ಹೀಗೆ ಉರಿಯಲು ತನಗೆ ಯಾರೂ ಇಲ್ಲವೆಂದು ಒಂದು ಗಳಿಗೆ ಅನುಶ್ರೀಗೆ ಅವಳ ಮೇಲೆ ಅಸೂಯೆಯೇ ಆಯಿತು.

"ಮೇಡಂ," ಆಶಾರಾಣಿ ತಲೆಯೆತ್ತಿದಳು. "ನಿಜ ಹೇಳಿ. ನನ್ನ ಗಂಟಿಂದ ಅವ್ರಿಗೆ ಏನಾದ್ರೂ ಆಯ್ತಾ?"

"ಗಾಡಿಗೆ ಏಟಾಗಿಲ್ಲ. ಒಂದು ಗೀರೂ ಇಲ್ಲ. ನಿಮ್ಮ ಗಂಟು ಯಾರನ್ನೂ ಕೊಂದಿಲ್ಲ. ಆದರೆ ಯಾರನ್ನೋ ತಡೆದಿದೆ."

"ಯಾರನ್ನ?"

"ನೀವು ಗಂಟು ಇಟ್ಟಾಗ ಗಾಡಿ ಇದ್ದದ್ದು ಹೊಂಗೆ ಮರದ ಕೆಳಗೆ. ಪೊಲೀಸರಿಗೆ ಸಿಕ್ಕಿದ್ದು ಏರಿನಲ್ಲಿ. ಹಾಗಾದರೆ ಗಂಟು ಇಟ್ಟ ಮೇಲೆ ಯಾರೋ ಅದನ್ನ ಓಡಿಸಿದ್ದಾರೆ. ಏರಿನಲ್ಲಿ ಅದು ಮೂರನೇ ಗೇರಿನಲ್ಲಿ ನಿಂತಿತ್ತು ಅಂತ ನಂಜಣ್ಣ ಹೇಳಿದ. ಮರದ ಕೆಳಗೆ ಗೇರಿಗೆ ಹಾಕಿಯೇ ನಿಲ್ಲಿಸಿದ್ದ ಗಾಡಿ ಹೇಗೋ ಹೊರಟು, ಓಟದಲ್ಲಿ ಮೂರಕ್ಕೆ ಏರಿದೆ; ಏರು ಬಂತು, ಗೇರು ಇಳಿಸೋಕೆ ನೋಡಿದ್ದಾರೆ, ಇಳಿದಿಲ್ಲ, ಗಾಡಿ ಆಫ್ ಆಗಿದೆ. ಕೀಲಿ ಬಿಟ್ಟು ಇಳಿದು ಹೋಗಿದ್ದಾರೆ."

"ಅವ್ರೇ ಓಡಿಸಿರಬೋದಲ್ವಾ?"

"ಇಪ್ಪತ್ತು ವರ್ಷ ಗಾಡಿ ಓಡಿಸಿದವರು ಹಾಗೆ ಬಿಟ್ಟು ಹೋಗಲ್ಲ. ಎಂಜಿನ್ ಆಫ್ ಆದಮೇಲೆ ಗೇರು ಸಲೀಸು ಅಂತ ಅವರಿಗೆ ಗೊತ್ತಿರುತ್ತೆ. ಒಂದನೇ ಗೇರಿಗೆ ಹಾಕಿ, ನಾನು ಈಗ ಮಾಡಿದ ಹಾಗೆ ಕೀಲಿ ತಿರುಗಿಸಿ ಬರುತ್ತಿದ್ದರು. ಪೆಡಲು ಪೂರ್ತಿ ಇಳಿಯುತ್ತಿಲ್ಲ ಅಂತ ಮೊದಲ ಸಲ ತುಳಿದಾಗಲೇ ಅವರ ಕಾಲಿಗೆ ಗೊತ್ತಾಗುತ್ತಿತ್ತು. ಓಡಿಸಿದವರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಹೊಸದಾಗಿ ಕಲಿತವರು. ಗಾಬರಿಯಲ್ಲಿ ಇದ್ದವರು."

ಆಶಾರಾಣಿಯ ಮುಖ ಅರಳಿತು. ಅನುಶ್ರೀಗೆ ಅದನ್ನು ನೋಡಲಾಗಲಿಲ್ಲ.

"ಹೇಳಲಿಲ್ವಾ ನಾನು? ಹೇಳಲಿಲ್ವಾ? ಅವಳೇ! ನೀರಿಗೆ ನೂಕಿ ನಮ್ಮ ಗಾಡೀಲೇ ಓಡಕ್ಕೆ ನೋಡಿದಾಳೆ. ನನ್ನ ಗಂಟೇ ಅವಳ ಕಾಲು ಹಿಡಿದದ್ದು!"

ಗೇಟು ಕಿರ್ರೆಂದಿತು. ನಂಜಣ್ಣ ಟೋಪಿಯನ್ನು ಕೈಯಲ್ಲಿ ಹಿಡಿದು ಬಂದ.

"ಜೀಪು ವಾಪಸ್ ಬರ್ತಾ ಐತೆ," ಎಂದ. "ಖಾಲಿ."

"ಯಾಕೆ? ಓಡೋದ್ಲಾ?"

"ಅಂಗಲ್ಲ ಅಕ್ಕಾರೆ. ಆವಮ್ಮ ಅವತ್ತು ಕೋಟೇಲೇ ಇರಲಿಲ್ವಂತೆ. ಕೆ.ಆರ್. ನಗರದಲ್ಲಿ ಮದುವೆ. ಹೆಣ್ಣಿನ ಕಡೆಯೋರ ರವಿಕೆ ಎಲ್ಲ ಇವಳೇ ಹೊಲ್ದಿದ್ದಂತೆ, ಅದಕ್ಕೆ ಕರ್ದಿದ್ರು. ಛತ್ರದ ವಿಡಿಯೋ ತರಿಸಿ ನೋಡವ್ರೆ. ಬೆಳಿಗ್ಗೆ ಮುಹೂರ್ತದಲ್ಲಿ ಅವ್ಳೆ, ಊಟದ ಪಂಕ್ತೀಲಿ ಅವ್ಳೆ, ಸಾಯಂಕಾಲ ಹೆಣ್ಣು ಕಳಿಸ್ಕೊಡುವಾಗ್ಲೂ ಹಿಂದ್ಗಡೆ ನಿಂತ್ಕೊಂಡು ಅಳ್ತಾವ್ಳೆ."

"ಸುಳ್ಳು."

"ವಿಡಿಯೋ ಸುಳ್ಳು ಹೇಳಾಕಿಲ್ವಲ್ಲಕ್ಕ."

"ಸುಳ್ಳು! ನಾನೇ ಕಿವಿಯಾರ ಕೇಳಿದೀನಿ ಅವಳು ನಕ್ಕಿದ್ದು!"

ನಂಜಣ್ಣ ಅನುಶ್ರೀಯ ಕಡೆ ತಿರುಗಿದ. ಇದು ಅವನಿಗೆ ಹೊಸ ಮಾತು. ಅನುಶ್ರೀ ಕೈ ಎತ್ತಿ ಅವನನ್ನು ಸುಮ್ಮನಿರಿಸಿದಳು. ಆಶಾರಾಣಿಯ ಪಕ್ಕದಲ್ಲಿ, ಹಾದಿಯ ಅಂಚಿನಲ್ಲಿ ಕುಳಿತಳು.

"ಆಶಕ್ಕ, ನೀವು ನಗು ಕೇಳಿದ್ದು ನಿಜ. ಅದು ಪುಷ್ಪಾಳದ್ದು ಅಂತ ಅಂದುಕೊಂಡೇ ಹೋಗಿದ್ದಿರಿ. ಅವಳನ್ನ ಸ್ವಲ್ಪ ಬಿಟ್ಟುಬಿಡಿ. ಬೇಲಿ ಆಚೆ ಯಾರೋ ನಕ್ಕರು, ಅಷ್ಟೇ. ಹೇಗಿತ್ತು ಆ ನಗು?"

"ಹೇಗಿರುತ್ತೆ? ನಗು ನಗುವಂಗಿತ್ತು."

"ದೊಡ್ಡದಾ? ಸಣ್ಣದಾ?"

"ಸಣ್ಣಗೇ ಶುರುವಾಯ್ತು. ಆಮೇಲೆ ತಡಕಳಕ್ಕಾಗದೆ ಜೋರಾಯ್ತು. ನಕ್ಕೂ ನಕ್ಕೂ ಉಸಿರು ಸಿಕ್ಕೊಂಡು, ಕೊನೇಲಿ ಬಿಕ್ಕಳಿಕೆ..."

ಅವಳ ಮಾತು ನಿಂತಿತು.

ಬಾಯಿ ತೆರೆದೇ ಇತ್ತು. ಕಣ್ಣು ಎದುರಿಗಿದ್ದ ಕಾರಿನ ಮೇಲಿತ್ತು, ಆದರೆ ಕಾರನ್ನು ನೋಡುತ್ತಿರಲಿಲ್ಲ. ಮುಖದ ಮೇಲಿದ್ದ ಉರಿ ನೋಡುನೋಡುತ್ತಲೇ ಆರಿತು. ಅದರ ಜಾಗಕ್ಕೆ ಬಂದದ್ದು ಭಯ.

"ಬಿಕ್ಕಳಿಕೆ ಬಂತು. ಆಮೇಲೆ?" ಎಂದಳು ಅನುಶ್ರೀ.

"ಏನಿಲ್ಲ."

"ಆಶಕ್ಕ."

"ಏನಿಲ್ಲ ಅಂದ್ನಲ್ಲ. ಯಾವ ನಗೂನೂ ಕೇಳಿಲ್ಲ ನಾನು." ಅವಳು ಎದ್ದಳು. ದಾಸವಾಳದ ಗಿಡ ಹಿಡಿದು ಸಾವರಿಸಿಕೊಂಡಳು. ನೇರ ಕಾರಿನ ಹತ್ತಿರ ಹೋಗಿ, ಚಾಲಕನ ಸೀಟಿನಲ್ಲಿ ಕುಳಿತಳು. ಬಹುಶಃ ಮೊದಲ ಸಲ. ಎರಡೂ ಕೈಗಳಿಂದ ಸ್ಟೇರಿಂಗ್ ಹಿಡಿದುಕೊಂಡಳು.

"ನಂಜಣ್ಣ, ಬರ್ಕೊಳಿ. ಗಾಡಿ ಓಡಿಸಿದ್ದು ನಾನೇ. ಅವ್ರನ್ನ ನೀರಿಗೆ ನೂಕಿದ್ದೂ ನಾನೇ. ಹೊಟ್ಟೆಕಿಚ್ಚಿಗೆ ನೂಕಿದೆ."

"ಅಯ್ಯೋ, ಏನಕ್ಕ ನೀವು! ಈಗ ತಾನೆ..."

"ಈಗ ಹೇಳ್ತಾ ಇದ್ದೀನಲ್ಲ! ಕರ್ಕೊಂಡೋಗಿ ನನ್ನ. ನಡೀರಿ."

ಅನುಶ್ರೀ ಕಾರಿನ ಬಾಗಿಲಿಗೆ ಬಂದು ನಿಂತಳು.

"ಎಡಗಾಲಿನ ಕೆಳಗೆ ಇರುವುದು ಏನು?"

"ಕ್ಲಚ್ಚು."

"ಅದನ್ನ ಯಾವಾಗ ತುಳಿಯುತ್ತಾರೆ?"

ಆಶಾರಾಣಿ ಕೆಳಗೆ ನೋಡಿದಳು. ಮೂರು ಪೆಡಲುಗಳು. ಎಡಗಾಲನ್ನು ಮೊದಲನೆಯದರ ಮೇಲಿಟ್ಟಳು. ಬಲಗಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದಿದ್ದಳು.

"ನಿಲ್ಲಿಸೋವಾಗ," ಎಂದಳು ಕೊನೆಗೆ.

ನಂಜಣ್ಣ ಟೋಪಿಯನ್ನು ತಲೆಗಿಟ್ಟುಕೊಂಡು ಆಕಾಶ ನೋಡಿದ. ಇಷ್ಟು ಹೊತ್ತು ಇನ್ನೊಬ್ಬಳನ್ನು ಜೈಲಿಗೆ ಕಳಿಸಲು ಹೊರಟಿದ್ದವಳು ಈಗ ಯಾರಿಗಾಗಿ ತಾನೇ ಹೊರಟಿದ್ದಾಳೆ? ಅನುಶ್ರೀಗೆ ಉತ್ತರ ಗೊತ್ತಾಗಿತ್ತು. ಅದನ್ನು ಬಾಯಿಬಿಟ್ಟು ಕೇಳುವುದು ಕಷ್ಟವಾಯಿತು.

"ಆಶಕ್ಕ, ನಿಮಗೆ ಕಲಿಸಲಿಲ್ಲ. ಪುಷ್ಪಾಗೂ ಕಲಿಸಲಿಲ್ಲ. ನಿಮಗೆ ನೋವಾಗುತ್ತೆ ಅಂತ ಹೇಳದೆ ಅವರು ಕಲಿಸಿದ್ದು... ನಕ್ಕರೆ ಬಿಕ್ಕಳಿಕೆ ಬರುವುದು ರೂಪಶ್ರೀಗಾ?"

ಆಶಾರಾಣಿ ಬಾಗಿಲೆಳೆದುಕೊಂಡಳು. ಟಕ್ ಎಂದು ನಾಲ್ಕೂ ಬಾಗಿಲು ಒಳಗಿನಿಂದ ಲಾಕ್ ಆದವು. ಗಾಜು ಏರತೊಡಗಿತು. ಎರಡು ಬೆರಳು ಸಂದು ಉಳಿದಿರುವಾಗ ನಿಂತಿತು. ಆಶಾರಾಣಿ ಗುಂಡಿಯಿಂದ ಕೈ ತೆಗೆದು ಫೋನ್ ಹುಡುಕಿಕೊಂಡಿದ್ದಳು.

"ಅಕ್ಕ, ಬೇಡ. ಈಗ ಅವಳಿಗೆ ಫೋನ್ ಮಾಡಬೇಡಿ. ಬಾಗಿಲು ತೆಗೀರಿ."

ಗಾಜು ಬಡಿದರೂ ಅವಳು ತಿರುಗಲಿಲ್ಲ. ಫೋನನ್ನು ಕಿವಿಗೊತ್ತಿ, ಬೆನ್ನು ಬಗ್ಗಿಸಿ, ಸ್ಟೇರಿಂಗಿಗೆ ಹಣೆ ತಾಗಿಸಿ ಕುಳಿತಳು. ರಿಂಗಾಗುವ ಸದ್ದು ಸಂದಿನಿಂದ ಸಣ್ಣಗೆ ಕೇಳುತ್ತಿತ್ತು. ಬಹಳ ಹೊತ್ತು ಕೇಳಿತು. ನಿಂತಿತು.

"ರೂಪಾ," ಎಂದಳು ಆಶಾರಾಣಿ. "ಮಗಳೇ, ನಾನು ಹೇಳೋದು ಕೇಳು. ಯಾರು ಬಂದು ಕೇಳಿದ್ರೂ ನೀನು ಹಾಸ್ಟೆಲಲ್ಲೇ ಇದ್ದೆ ಅನ್ನು. ಮಿಕ್ಕಿದ್ದು ನಾನು..."

ಆ ಕಡೆಯಿಂದ ಗಂಡಸಿನ ದನಿಯಲ್ಲಿ ಏನೋ ಮಾತು ಬಂತು. ಒಂದೇ ಮಾತು.

ಆಶಾರಾಣಿ ನಿಧಾನವಾಗಿ ತಲೆಯೆತ್ತಿದಳು. ಕನ್ನಡಿಯಲ್ಲಿ ಅವಳ ಕಣ್ಣು ಕಾಣುತ್ತಿತ್ತು. ಅನುಶ್ರೀ ಸಂದಿಗೆ ಕಿವಿಯಿಟ್ಟಳು.

"ರೀ..." ಎಂದಳು ಆಶಾರಾಣಿ ಫೋನಿಗೆ. "ನೀವು ಅಲ್ಲೇನು ಮಾಡ್ತಾ ಇದ್ದೀರಿ?"